ಇಂಟರ್‌ಕೂಲರ್ ಪೈಪ್ ಕಿಟ್ ಕೊಳ್ಳುವ ಮೊದಲು ಸೋರಿಕೆ ಪರೀಕ್ಷೆ ಮಾಡಿಸಿ: ದಾವಣಗೆರೆ, ದುರ್ಗದ ಟರ್ಬೊ ಕಾರಿನವರಿಗೆ

ಕುಂದವಾಡ ದಂಡೆ, ದಾವಣಗೆರೆ

ಆಕ್ಟೇವಿಯಾ 1.8 ಟಿಎಸ್‌ಐ ಇಟ್ಟುಕೊಂಡಿರುವ ಇಬ್ಬರು ಪರಿಚಯದವರು ಇತ್ತೀಚೆಗೆ ಒಂದೇ ಪ್ರಶ್ನೆ ಕೇಳಿದರು: "ಪ್ಲಾಸ್ಟಿಕ್ ಪೈಪ್ ತೆಗೆದು ಅಲ್ಯೂಮಿನಿಯಂ ಪೈಪ್ ಹಾಕಿಸಿದರೆ ಶಕ್ತಿ ಎಷ್ಟು ಹೆಚ್ಚುತ್ತದೆ?" ನನ್ನ ಬಳಿಯೂ ಅದೇ ಕಾರಿದೆ, ಅದೇ ಪೈಪುಗಳನ್ನು ಹಾಕಿಸಿದ್ದೇನೆ. ಹಾಗಾಗಿ ಉತ್ತರವನ್ನು ಎಲ್ಲರಿಗೂ ಉಪಯೋಗವಾಗುವಂತೆ ಇಲ್ಲೇ ಬರೆಯುತ್ತಿದ್ದೇನೆ.

ಪೈಪ್ ಶಕ್ತಿ ಕೊಡುವುದಿಲ್ಲ. ಟರ್ಬೊ ಒತ್ತಿ ಕಳಿಸಿದ ಗಾಳಿಯನ್ನು, ಅದನ್ನು ತಂಪು ಮಾಡುವ ಇಂಟರ್‌ಕೂಲರ್ ಮೂಲಕ, ಸೋರದಂತೆ ಥ್ರಾಟಲ್‌ವರೆಗೆ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ತಲುಪಿಸುವುದಷ್ಟೇ ಅದರ ಕೆಲಸ. ಹಳೆಯ ಪೈಪ್ ಆ ಕೆಲಸವನ್ನು ಸರಿಯಾಗಿ ಮಾಡುತ್ತಿದ್ದರೆ ಹೊಸದಕ್ಕೆ ಹಾಕುವ ಹಣ ದಂಡ. ಸೋರುತ್ತಿದ್ದರೆ ಮಾತ್ರ ಬದಲಾಯಿಸಬೇಕು, ಬದಲಾಯಿಸುವುದಾದರೆ ಅಚ್ಚುಕಟ್ಟಾಗಿ ಕೂರಿಸಬೇಕು. ನಾನು ನೋಡಿದ ಹಾಳಾದ ಕೆಲಸಗಳೆಲ್ಲ ಕೂರಿಸುವಾಗ ಆದ ಅವಸರದ ಫಲ. ಪೈಪಿನ ಗುಣಮಟ್ಟ ಅಲ್ಲಿ ಕಾರಣವಾಗಿರಲಿಲ್ಲ.

ಮೊದಲು ಈ ಇಂಟರ್‌ಕೂಲರ್ ಏಕೆ ಬೇಕು ಎಂಬುದನ್ನು ನಮ್ಮ ಊರಿನ ಬಿಸಿಲಿನ ಲೆಕ್ಕದಲ್ಲೇ ನೋಡೋಣ. ಏಪ್ರಿಲ್ ಮಧ್ಯಾಹ್ನ ಹೊರಗಿನ ಗಾಳಿ 40 ಡಿಗ್ರಿ ಇದೆ ಎಂದುಕೊಳ್ಳಿ. ಟರ್ಬೊ ಅದನ್ನು ವಾತಾವರಣದ 1.8 ಪಟ್ಟು ಒತ್ತಡಕ್ಕೆ ಏರಿಸುತ್ತದೆ. ಕಂಪ್ರೆಸರ್ ದಕ್ಷತೆ ಶೇ 70 ಎಂದು ಹಿಡಿದರೆ ಹೊರಬರುವ ಗಾಳಿಯ ಬಿಸಿ 120 ಡಿಗ್ರಿ ದಾಟುತ್ತದೆ. ಇಂಟರ್‌ಕೂಲರ್ ಅದನ್ನು ಸುಮಾರು 65 ಡಿಗ್ರಿಗೆ ಇಳಿಸಿದರೆ ಅದೇ ಒತ್ತಡದಲ್ಲಿ ಶೇ 17ರಷ್ಟು ಹೆಚ್ಚು ಗಾಳಿ ಸಿಲಿಂಡರಿಗೆ ಸೇರುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ಕೂಡ ತಗ್ಗುತ್ತದೆ. ಈ ತಂಪು ಕೊಡುವುದು ಇಂಟರ್‌ಕೂಲರಿನ ಒಡಲು, ಪೈಪ್ ಅಲ್ಲ. ಕಿಟ್ ಮಾರುವವರು ಈ ಎರಡನ್ನೂ ಸೇರಿಸಿ ಮಾತನಾಡುವುದರಿಂದಲೇ ಗೊಂದಲ ಹುಟ್ಟಿದೆ.

ಇನ್ನೊಂದು ಮುಖ್ಯ ಸಂಗತಿ. ಭಾರತದಲ್ಲಿ ಮಾರಿದ ಆಕ್ಟೇವಿಯಾ 1.8 ಟಿಎಸ್‌ಐ 180 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಅದರ ತಾನೇ ಗೇರ್ ಬದಲಿಸುವ, ಏಳು ಗೇರಿನ ಒಣ ಕ್ಲಚ್ ಡಿಎಸ್‌ಜಿ ಗೇರ್‌ಬಾಕ್ಸ್ ತಾಳುವ ಮಿತಿಯೂ ಆ 250 ನ್ಯೂಟನ್ ಮೀಟರೇ. ಪೈಪ್ ಹಾಕಿಸಿ, ಅದರ ಮೇಲೆ ಇಸಿಯು ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಲೆಕ್ಕ ಬದಲಾಯಿಸುವುದು) ಮಾಡಿಸಿ ಟಾರ್ಕ್ ಏರಿಸುವ ಯೋಚನೆ ಇದ್ದವರು ಕ್ಲಚ್ಚಿನ ಖರ್ಚನ್ನೂ ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ನನ್ನ ಕಾರಿನ ವಿಷಯ ಹೀಗಿತ್ತು. ಬೇರೆ ಯಾವುದೋ ಕೆಲಸಕ್ಕೆ ಒಂದು ಗ್ಯಾರೇಜಿನವರು ಪೈಪ್ ಕಳಚಿ ಮತ್ತೆ ಕೂರಿಸಿದ್ದರು. ಆ ಬಳಿಕ ಎಂಜಿನ್ ದೀಪ ಹತ್ತಿಕೊಂಡು ಪಿ0299 ಎಂಬ ಕೋಡ್ ಬಂತು. ಎಂಜಿನ್ ಕಂಪ್ಯೂಟರ್ ಕೇಳಿದಷ್ಟು ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಸಿಗುತ್ತಿಲ್ಲ ಎಂದು ಅದರ ಅರ್ಥ. ದುರ್ಗದ ಕಡೆಗೆ ಏರು ಹತ್ತುವಾಗ ಕಾಲಿಟ್ಟರೂ ಕಾರು ಎಳೆಯುತ್ತಿರಲಿಲ್ಲ. ಟರ್ಬೊ ಹೋಗಿದೆ, ಬದಲಾಯಿಸಬೇಕು ಎಂದು ಹೇಳಿದವರೂ ಇದ್ದರು. ಕೊನೆಗೆ ನೋಡಿದರೆ ಬಿಸಿ ಬದಿಯ (ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ) ಪೈಪಿನ ತುದಿಯಲ್ಲಿದ್ದ ಓ-ರಿಂಗ್ ಎಂಬ ರಬ್ಬರ್ ಉಂಗುರವನ್ನು ಗ್ರೀಸ್ ಇಲ್ಲದೆ ಒಣಗಿದ್ದಂತೆಯೇ ತುರುಕಲಾಗಿತ್ತು. ಉಂಗುರದ ಒಂದು ಬದಿ ಉಗುರಿನಗಲ ಸೀಳಿ ಮಡಚಿಕೊಂಡಿತ್ತು. ಪ್ಲಾಸ್ಟಿಕ್ ತುದಿಯ ಕಿವಿಯೂ ಮುರಿದಿದ್ದರಿಂದ ನಾನು ಪೈಪನ್ನೇ ಬದಲಾಯಿಸಿದೆ. ಬರೀ ಉಂಗುರ ಹೋಗಿದ್ದರೆ ಉಂಗುರ ಮಾತ್ರ ಹಾಕಿಸುತ್ತಿದ್ದೆ.

ಸೋರಿಕೆ ಪರೀಕ್ಷೆಗೆ ದುಬಾರಿ ಯಂತ್ರ ಬೇಕಾಗಿಲ್ಲ. ನಲ್ಲಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಪಿವಿಸಿ ಪೈಪಿನ ತುಂಡು, ಅದರ ಮುಚ್ಚಳ, ಒಂದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಸಾಕು. ಮುಚ್ಚಳದ ನಡುವೆ 11.5 ಮಿ.ಮೀ. ರಂಧ್ರ ಕೊರೆದು ವಾಲ್ವನ್ನು ಒಳಗಿನಿಂದ ಎಳೆದರೆ ಗಟ್ಟಿಯಾಗಿ ಕೂರುತ್ತದೆ. ಏರ್ ಫಿಲ್ಟರಿನಿಂದ ಬರುವ ಕೊಳವೆ ಕಳಚಿ, ಟರ್ಬೊ ಗಾಳಿ ಎಳೆದುಕೊಳ್ಳುವ ಬಾಯಿಗೆ ಸರಿಹೊಂದುವ ರಬ್ಬರ್ ಹೋಸ್ ಮೂಲಕ ಇದನ್ನು ಜೋಡಿಸಿ ಕ್ಲಾಂಪ್ ಬಿಗಿಯಿರಿ. ನಂತರ ಗಾಳಿ ತುಂಬಿ. 10 ಪಿಎಸ್‌ಐ, ಅಂದರೆ ಸುಮಾರು 0.7 ಬಾರ್ ಸಾಕು. ಪಂಕ್ಚರ್ ಅಂಗಡಿಯ ಕಂಪ್ರೆಸರ್ ತೊಟ್ಟಿಯಲ್ಲಿ ಇದರ ಹತ್ತು ಪಟ್ಟು ಒತ್ತಡ ಇರುತ್ತದೆ, ನೇರವಾಗಿ ಬಿಟ್ಟರೆ ಮುಚ್ಚಳ ಹಾರಿ ಮುಖಕ್ಕೆ ಬಡಿಯುತ್ತದೆ. ರೆಗ್ಯುಲೇಟರ್ ಇಟ್ಟೇ ತುಂಬಿ, ಮುಚ್ಚಳದ ಎದುರಿಗೆ ಯಾರೂ ನಿಲ್ಲಬಾರದು. ಎಂಜಿನ್ನಿನ ಒಳ ಆವಿಯ ಕೊಳವೆ ಟರ್ಬೊ ಬಾಯಿಗೆ ಬಂದು ಸೇರುವ ಕಾರುಗಳಲ್ಲಿ ಅದನ್ನು ಬಿಡಿಸಿ ಅಲ್ಲಿಯ ತೂತನ್ನು ಮುಚ್ಚಿಕೊಳ್ಳಬೇಕು. ಇಲ್ಲದಿದ್ದರೆ ಗಾಳಿ ಎಣ್ಣೆಯ ಕೋಣೆಗೆ ನುಗ್ಗಿ ಸೀಲುಗಳಿಗೆ ಪೆಟ್ಟಾಗುತ್ತದೆ.

ಈಗ ಸೋಪಿನ ನೀರನ್ನು ಎಲ್ಲ ಕೂಡುಗಳ (ಪೈಪ್, ಹೋಸ್ ಸೇರುವ ಜಾಗಗಳ) ಮೇಲೆ ಹೊಡೆಯಿರಿ. ದೊಡ್ಡ ಸೋರಿಕೆ ಕಿವಿಗೇ ಕೇಳುತ್ತದೆ, ಸಣ್ಣದು ನೊರೆ ತೋರಿಸಿಕೊಡುತ್ತದೆ. ಸೈಲೆನ್ಸರ್ ಕಡೆಯಿಂದ ಸಣ್ಣಗೆ ಬುಸ್ಸೆಂದರೆ ಹೆದರಬೇಡಿ, ಯಾವುದೋ ಸಿಲಿಂಡರಿನ ವಾಲ್ವುಗಳು ತೆರೆದ ಸ್ಥಿತಿಯಲ್ಲಿ ನಿಂತಿವೆ ಎಂದಷ್ಟೇ.

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ಸರ್, ನಿಮ್ಮ ಪರೀಕ್ಷೆಯ ವಿಧಾನ ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ನನ್ನದೂ ಅದೇ ಎಂಜಿನ್. ಎರಡೂ ಬದಿ ಎರಡೂವರೆ ಇಂಚಿನ ಅಲ್ಯೂಮಿನಿಯಂ ಪೈಪ್ ಹಾಕಿಸಿದ ಮೇಲೆ ಕಾರಿನ ನಡೆಯೇ ಬದಲಾಯಿತು. ಸಿರಿಗೆರೆ ಕ್ರಾಸ್ ದಾಟಿ ಲಾರಿಗಳನ್ನು ಹಿಂದಿಕ್ಕುವಾಗ ಆ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ಪ್ಲಾಸ್ಟಿಕ್ ಮತ್ತು ರಬ್ಬರ್ ಒತ್ತಡಕ್ಕೆ ಉಬ್ಬುತ್ತವೆ, ಲೋಹ ಉಬ್ಬುವುದಿಲ್ಲ. ಇದು ಕಣ್ಣಿಗೆ ಕಾಣುವ ಸತ್ಯ. ಏನೂ ಪ್ರಯೋಜನವಿಲ್ಲ ಎಂದು ಹೇಳಿದರೆ ಹೊಸಬರು ದಾರಿ ತಪ್ಪುತ್ತಾರೆ.

ಆದರೆ ನನ್ನ ಗೆಳೆಯನೊಬ್ಬ ಇಷ್ಟು ದಪ್ಪದ ಪೈಪ್ ಹಾಕಿದರೆ ಟರ್ಬೊ ತಡವಾಗಿ ಎಳೆಯುತ್ತದೆ ಎಂದು ಹೆದರಿಸುತ್ತಿದ್ದಾನೆ. ಅದರ ಬಗ್ಗೆ ಯಾರಾದರೂ ತಿಳಿದವರು ಹೇಳಿ.

ಕುಂದವಾಡ ದಂಡೆ, ದಾವಣಗೆರೆ

ಏನೂ ಪ್ರಯೋಜನವಿಲ್ಲ ಎಂದು ನಾನು ಬರೆದಿಲ್ಲ. ಸೋರುತ್ತಿದ್ದ ಪೈಪ್ ತೆಗೆದು ಸೋರದ ಪೈಪ್ ಹಾಕಿದರೆ ಕಾರಿನ ನಡೆ ಖಂಡಿತ ಬದಲಾಗುತ್ತದೆ. ನೀವು ಕಿಟ್ ಹಾಕಿಸುವ ಮುನ್ನ ಹಳೆಯ ಪೈಪುಗಳನ್ನು ಪರೀಕ್ಷಿಸಿದ್ದಿರಾ? ಅದು ಗೊತ್ತಾಗದೆ ಲಾಭ ಎಲ್ಲಿಂದ ಬಂತು ಎಂದು ಹೇಳುವಂತಿಲ್ಲ. ಉಬ್ಬುವ ಮಾತು ಹಳಸಿ ಮೆತ್ತಗಾದ ರಬ್ಬರ್ ಹೋಸಿಗೆ ಸರಿ. ಎಣ್ಣೆ ಕುಡಿದ ರಬ್ಬರನ್ನು ಬೆರಳಲ್ಲಿ ಹಿಂಡಿದರೆ ತಿಳಿಯುತ್ತದೆ. ಗಟ್ಟಿ ಪ್ಲಾಸ್ಟಿಕ್ ಪೈಪ್ ಹಾಗೆ ಉಬ್ಬುವುದಿಲ್ಲ.

ನಾನು ಪೈಪ್ ಹಾಕಿಸುವ ಮುಂಚೆ ಮತ್ತು ಆಮೇಲೆ, ಒಂದೇ ಏರಿನಲ್ಲಿ ಒಂದೇ ಗೇರಿನಲ್ಲಿ ಕಾರಿನ ಕಂಪ್ಯೂಟರ್ ಓದುವ ಒಬಿಡಿ ಸಾಧನದಿಂದ ಒಳಗಾಳಿಯ ತಾಪಮಾನ ನೋಡಿದೆ. ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಬೂಸ್ಟ್ ಮಾತ್ರ ಕೇಳಿದ ಮಟ್ಟಕ್ಕೆ ಬಂದು ನಿಂತಿತು. ಕೋಡ್ ಮತ್ತೆ ಬರಲಿಲ್ಲ.

ತಡದ ಬಗ್ಗೆ ನಿಮ್ಮ ಗೆಳೆಯರ ಹೆದರಿಕೆ ಅಳತೆ ಮೀರಿದ್ದು. ಲೆಕ್ಕ ಹಾಕಿ ನೋಡಿ. ಒಳ ವ್ಯಾಸ 60 ಮಿ.ಮೀ. ಇರುವ ಪೈಪಿನ ಒಂದು ಮೀಟರಿನಲ್ಲಿ 2.8 ಲೀಟರ್ ಗಾಳಿ ಹಿಡಿಯುತ್ತದೆ. 48 ಮಿ.ಮೀ. ಪೈಪಿನಲ್ಲಿ 1.8 ಲೀಟರ್. ಅಂತರ ಒಂದು ಲೀಟರ್. 1.8 ಲೀಟರ್ ಎಂಜಿನ್ 3,000 ಸುತ್ತಿನಲ್ಲಿ ಬೂಸ್ಟ್ ಇಲ್ಲದೆಯೂ ಸೆಕೆಂಡಿಗೆ ಸುಮಾರು 45 ಲೀಟರ್ ಗಾಳಿ ನುಂಗುತ್ತದೆ. ಆ ಹೆಚ್ಚಿನ ಒಂದು ಲೀಟರ್ ತುಂಬಲು ಸೆಕೆಂಡಿನ ನೂರರಲ್ಲಿ ಎರಡು ಭಾಗ ಸಾಕು. ಕಾಲಿಗೆ ಗೊತ್ತಾಗುವ ತಡ ಟರ್ಬೊ ಚಕ್ರ ವೇಗ ಹಿಡಿಯುವುದರದ್ದು. ದಪ್ಪ ಪೈಪಿನ ನಿಜವಾದ ತೊಂದರೆ ಜಾಗದ್ದು: ಫ್ಯಾನ್ ಕವಚಕ್ಕೆ ತಾಗುತ್ತದೆ, ಬೆಲ್ಟಿನ ಹತ್ತಿರ ಬರುತ್ತದೆ, ಕಾರಿನ ಮೂಲ ಬಾಯಿಗೆ ಹೊಂದಿಸಲು ನಡುವೆ ಕಿರಿದಾಗಿಸುವ ಹೋಸ್ ಹಾಕಬೇಕಾಗುತ್ತದೆ. ಕೂಡು ಹೆಚ್ಚಿದಷ್ಟೂ ಸೋರುವ ಜಾಗ ಹೆಚ್ಚು.

ಭರಮಸಾಗರ ಲಾರಿ

ನಾನು ಕಾರಿನವನಲ್ಲ, ಲಾರಿ ನಡೆಸುವವನು. ಆದರೂ ಬರೆಯುತ್ತೇನೆ, ಏಕೆಂದರೆ ಇಂಟರ್‌ಕೂಲರ್ ಹೋಸ್ ನಮಗೆ ದಿನನಿತ್ಯದ ವಿಷಯ. ಭಾರ ತುಂಬಿಕೊಂಡು ಏರು ಹತ್ತುವಾಗ ಗಾಡಿ ಎಳೆಯುವುದು ನಿಂತು, ಹಿಂದೆ ಕಪ್ಪು ಹೊಗೆ, ಬಾನೆಟ್ ಒಳಗಿನಿಂದ ಸಿಳ್ಳೆ, ಈ ಮೂರೂ ಒಟ್ಟಿಗೆ ಬಂದರೆ ಯಾವ ಮೇಸ್ತ್ರಿಯೂ ಮೊದಲು ಹೋಸಿಗೇ ಕೈ ಹಾಕುತ್ತಾನೆ. ಡೀಸೆಲ್ ಇಳಿದಿದೆ, ಗಾಳಿ ಸಾಲುತ್ತಿಲ್ಲ, ಅದಕ್ಕೆ ಕಪ್ಪು ಹೊಗೆ. ಪೆಟ್ರೋಲ್ ಕಾರಿನಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ, ಅದಕ್ಕೇ ಟರ್ಬೊ ಬದಲಾಯಿಸುವ ಮಾತಿಗೆ ಜನ ಬಲಿಯಾಗುತ್ತಾರೆ.

ಸೋರುವ ಗಾಡಿಯನ್ನು ಹಾಗೇ ಓಡಿಸುವವರಿಗೆ ಎರಡು ಮಾತು. ಒತ್ತಡ ಬರುತ್ತಿಲ್ಲವೆಂದು ಕಂಪ್ಯೂಟರ್ ಟರ್ಬೊವನ್ನು ಇನ್ನಷ್ಟು ತಿರುಗಿಸುತ್ತದೆ. ಅಳತೆ ಮೀರಿ ತಿರುಗಿದ ಟರ್ಬೊ ಬಿಸಿಯಾಗಿ ಬೇಗ ಸವೆಯುತ್ತದೆ. ಎರಡನೆಯದು ನಮ್ಮ ಸೀಮೆಯವರು ಅವಶ್ಯವಾಗಿ ತಿಳಿಯಬೇಕಾದ್ದು. ಕಾಲು ತೆಗೆದು ನಿಧಾನವಾಗಿ ಹೋಗುವಾಗ ಆ ಪೈಪಿನಲ್ಲಿ ಒತ್ತಡ ಇರುವುದಿಲ್ಲ, ಸ್ವಲ್ಪ ಹೀರುವ ಸ್ಥಿತಿಯೇ ಇರುತ್ತದೆ. ಆಗ ಬಿರುಕಿನಿಂದ ಹೊರಗಿನ ಗಾಳಿ ಒಳಗೆ ಹೋಗುತ್ತದೆ. ಅದು ಏರ್ ಫಿಲ್ಟರ್ ದಾಟಿ ಬಂದ ಗಾಳಿಯಲ್ಲ. ಭೀಮಸಮುದ್ರದ ಅದಿರು ಲಾರಿಗಳ ಹಿಂದೆ ಹೋದವರಿಗೆ, ಸುಗ್ಗಿಯಲ್ಲಿ ಮೆಕ್ಕೆಜೋಳದ ರಾಶಿಯ ಪಕ್ಕದಲ್ಲಿ ನಿಂತವರಿಗೆ ಆ ಗಾಳಿಯಲ್ಲಿ ಏನಿರುತ್ತದೆಂದು ಹೇಳಬೇಕಾಗಿಲ್ಲ. ಅದು ನೇರ ಸಿಲಿಂಡರಿಗೆ ಇಳಿದು ರಿಂಗುಗಳನ್ನು ತಿನ್ನುತ್ತದೆ.

ಹಳೇಪೇಟೆ ಲೇತ್, ದಾವಣಗೆರೆ

ಇಲ್ಲೇ ಪೈಪ್ ಮಾಡಿಸಿಕೊಳ್ಳಬಹುದೇ ಎಂದು ನಮ್ಮ ಅಂಗಡಿಗೆ ಹುಡುಗರು ಬರುತ್ತಾರೆ. ಮಾಡಬಹುದು. ಮಾಡಿಸುವವರು ಏನು ಕೇಳಬೇಕು, ಏನು ನೋಡಬೇಕು ಎಂದು ತಿಳಿದಿರಲಿ.

ಅಲ್ಯೂಮಿನಿಯಂ ಬೆಸುಗೆಗೆ ಎಸಿ ವಿದ್ಯುತ್ತಿನ ಆರ್ಗಾನ್ ಯಂತ್ರ ಬೇಕು. ಬರೀ ಡಿಸಿ ಯಂತ್ರ ಇರುವ ಅಂಗಡಿಯಲ್ಲಿ ಸ್ಟೀಲ್ ಚೆನ್ನಾಗಿ ಬೆಸೆಯುತ್ತಾರೆ, ಅಲ್ಯೂಮಿನಿಯಂ ಕೊಡಬೇಡಿ. ಅಂಥ ಕಡೆ ಸ್ಟೇನ್‌ಲೆಸ್ 304 ಪೈಪಿನಲ್ಲಿ ಮಾಡಿಸುವುದೇ ಮೇಲು, ತೂಕ ಹೆಚ್ಚಾದರೂ ಗಟ್ಟಿ ಇರುತ್ತದೆ. ತಿರುವುಗಳನ್ನು ಒತ್ತಿ ಬಗ್ಗಿಸಿದರೆ ಒಳ ಮೈ ಚಪ್ಪಟೆಯಾಗಿ ದಾರಿ ಕಿರಿದಾಗುತ್ತದೆ. ಒಳಗೆ ಮ್ಯಾಂಡ್ರೆಲ್ (ಚಪ್ಪಟೆಯಾಗದಂತೆ ತಡೆಯುವ ಅಚ್ಚು) ಇಟ್ಟು ಬಗ್ಗಿಸಿದ ತುಂಡುಗಳು ಸಿಗುತ್ತವೆ, ಅವನ್ನೇ ತಂದು ಕತ್ತರಿಸಿ ಬೆಸೆಯಬೇಕು.

ತುದಿಗೆ ಏಣು ಇರಲೇಬೇಕು. ಪೈಪಿನ ಬಾಯಿಯ ಸುತ್ತ ಸಣ್ಣಗೆ ಉಬ್ಬಿದ ಆ ಪಟ್ಟಿ ಇಲ್ಲದಿದ್ದರೆ ಹೋಸ್ ಜಾರಿಬರುತ್ತದೆ, ಕ್ಲಾಂಪ್ ಎಷ್ಟು ಬಿಗಿದರೂ ಅಷ್ಟೇ. ಏಣು ಎತ್ತುವ ಯಂತ್ರ ಇಲ್ಲದವರು ಸುತ್ತಲೂ ತೆಳ್ಳಗೆ ಬೆಸುಗೆಯ ಗೆರೆ ಎಳೆದು ಅರದಿಂದ ನಯ ಮಾಡುತ್ತಾರೆ, ಅದೂ ನಡೆಯುತ್ತದೆ. ಕೈ ಬೆರಳು ಸವರಿದಾಗ ಚೂಪು ಸಿಗಬಾರದು. ಚೂಪಿದ್ದರೆ ಸಿಲಿಕೋನ್ ಹೋಸಿನ ಒಳಮೈ ಸೀಳುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ, ಪೈಪನ್ನು ಒಳಗೆ ತೊಳೆಯದೆ ಕೊಟ್ಟರೆ ತೆಗೆದುಕೊಳ್ಳಬೇಡಿ. ಕತ್ತರಿಸಿದ ಚೂರು, ಬೆಸುಗೆಯ ಹನಿ ಒಳಗೇ ಅಂಟಿರುತ್ತವೆ. ತಣ್ಣನೆ ಬದಿಯ, ಅಂದರೆ ಇಂಟರ್‌ಕೂಲರ್ ದಾಟಿದ ಮೇಲಿನ, ಪೈಪಿನಿಂದ ಥ್ರಾಟಲ್‌ಗೆ, ಅಲ್ಲಿಂದ ಸಿಲಿಂಡರಿಗೆ ನೇರ ದಾರಿ, ನಡುವೆ ತಡೆಯುವ ಜಾಲರಿ ಯಾವುದೂ ಇಲ್ಲ. ಮೊದಲು ಸೀಮೆಎಣ್ಣೆ, ಆಮೇಲೆ ಸೋಪಿನ ನೀರು, ಕೊನೆಗೆ ಗಾಳಿ ಹೊಡೆದು ಬಿಳಿ ಬಟ್ಟೆಯನ್ನು ತಂತಿಗೆ ಕಟ್ಟಿ ಒಳಗೆ ಎಳೆಯಿರಿ. ಬಟ್ಟೆ ಬೆಳ್ಳಗೆ ಬರುವವರೆಗೂ ಎಳೆಯುತ್ತಿರಿ.

ಮಾರಿಕಣಿವೆ, ಹಿರಿಯೂರು

ಅಣ್ಣ, ನನ್ನದು ಪೋಲೊ 1.0 ಟಿಎಸ್‌ಐ. ಈ ಪೈಪ್ ಕಿಟ್ ನನ್ನ ಕಾರಿಗೂ ಸಿಗುತ್ತದೆಯೇ? ಮುಂದೆ ಬಂಪರ್ ಜಾಲರಿಯಲ್ಲಿ ಇಣುಕಿ ನೋಡಿದರೆ ಇಂಟರ್‌ಕೂಲರ್ ಕಾಣಿಸಲೇ ಇಲ್ಲ. ಹಾಗೆಯೇ ಗೇರ್ ಬದಲಾಯಿಸುವಾಗ ಜೋರಾಗಿ ಗಾಳಿ ಬಿಡುವ ಸದ್ದು ಬರುವಂತೆ ವಾಲ್ವ್ ಹಾಕಿಸಬಹುದೇ?

ಕುಂದವಾಡ ದಂಡೆ, ದಾವಣಗೆರೆ

ನಿಮ್ಮ ಕಾರಿನಲ್ಲಿ ಇಂಟರ್‌ಕೂಲರ್ ಇರುವುದು ಇಂಟೇಕ್ ಮ್ಯಾನಿಫೋಲ್ಡ್ ಒಳಗೆ, ತಮ್ಮ. ಗಾಳಿಯನ್ನು ನೀರು ತಂಪು ಮಾಡುತ್ತದೆ, ಆ ನೀರಿಗೆ ಬೇರೆ ಸಣ್ಣ ರೇಡಿಯೇಟರ್ ಮತ್ತು ಪಂಪ್ ಇದೆ. ಟರ್ಬೊದಿಂದ ಥ್ರಾಟಲ್‌ವರೆಗಿನ ದಾರಿಯೇ ಮೊಳದುದ್ದ. ಅದರಲ್ಲಿ ಬದಲಾಯಿಸಿ ಪಡೆಯುವಂಥದ್ದು ಏನೂ ಇಲ್ಲ, ಹಣ ಉಳಿಸಿಕೊಳ್ಳಿ. ಆ ತಂಪು ನೀರಿನ ಮಟ್ಟ ಮಾತ್ರ ಆಗಾಗ ನೋಡುತ್ತಿರಿ.

ಸದ್ದಿನ ವಾಲ್ವ್ ಬೇಡ. ಗಾಳಿಯ ತೂಕ ಅಳೆಯುವ ಮಾಪಕ ಇರುವ ಕಾರುಗಳಲ್ಲಿ, ಅಳೆದ ಗಾಳಿಯನ್ನು ಹೊರಗೆ ಚೆಲ್ಲಿದರೆ ಪೆಟ್ರೋಲ್ ಲೆಕ್ಕ ತಪ್ಪುತ್ತದೆ. ಮಾಪಕ ಇಲ್ಲದ ಕಾರಿನಲ್ಲೂ ಅದರಿಂದ ಸದ್ದಲ್ಲದೆ ಬೇರೇನೂ ಸಿಗುವುದಿಲ್ಲ.

ವಿದ್ಯಾನಗರ 17, ದಾವಣಗೆರೆ

ಕಾನೂನಿನ ಮಾತು ಯಾರೂ ಎತ್ತಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ನೋಂದಣಿ ಪತ್ರದ ವಿವರಗಳು ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಗಿಯಾಗಿಯೇ ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಕಲಂ ಹೊಸ ರೂಪ ಪಡೆಯಿತು. ಅನುಮತಿಯಿಲ್ಲದ ಮಾರ್ಪಾಡಿಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು.

ಹಾಳಾದ ಪೈಪ್ ಬದಲು ಅದೇ ಅಳತೆಯ ಪೈಪ್ ಹಾಕುವುದು ದುರಸ್ತಿಯ ಹಾಗೆ ಕಾಣುತ್ತದೆ. ಎಂಜಿನ್ನಿನ ಶಕ್ತಿ ಬದಲಾಯಿಸುವ ರೀಮ್ಯಾಪ್ ಹಾಗಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ವಾರಂಟಿ ಇರುವ ಕಾರಾದರೆ ಲಿಖಿತವಾಗಿ ಕೇಳಿಕೊಂಡೇ ಮುಂದುವರಿಯಿರಿ, ವಿಮೆಯವರಿಗೂ ತಿಳಿಸಿ. ಅಪಘಾತವಾದ ದಿನ ಸರ್ವೇಯರ್ ಬಾನೆಟ್ ಎತ್ತಿ ಕೇಳುವಾಗ ಉತ್ತರ ಹುಡುಕುವ ಸ್ಥಿತಿ ಬರಬಾರದು.

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ಕುಂದವಾಡದ ಸರ್ ಹೇಳಿದಂತೆ ಮುಚ್ಚಳ ಮಾಡಿಸಿ ಮೆದೇಹಳ್ಳಿ ರಸ್ತೆಯ ಗೆಳೆಯನ ಶೆಡ್ಡಿನಲ್ಲಿ ಪರೀಕ್ಷೆ ಮಾಡಿದೆವು. 63 ಮಿ.ಮೀ. ಪಿವಿಸಿ ತುಂಡು ಎರಡೂವರೆ ಇಂಚಿನ ಹೋಸಿಗೆ ಅಳತೆ ಕೊಟ್ಟಂತೆ ಕೂತಿತು, ಮಾಡುವವರಿಗೆ ಇದು ಉಪಯೋಗವಾಗಬಹುದು.

ತಣ್ಣನೆ ಬದಿಯಲ್ಲಿ, ಇಂಟರ್‌ಕೂಲರಿನಿಂದ ಹೊರಬರುವ ಕೂಡಿನಲ್ಲಿ ನೊರೆ ಎದ್ದಿತು. ಬಿಚ್ಚಿ ನೋಡಿದರೆ ಕಿಟ್ ಹಾಕಿದವರು ಕ್ಲಾಂಪನ್ನು ಏಣಿನ ಮೇಲೆಯೇ ಬಿಗಿದಿದ್ದಾರೆ. ಹೋಸಿನ ಒಳಗೆ ಅರ್ಧ ಚಂದ್ರಾಕಾರದ ಕಚ್ಚು ಬಿದ್ದಿದೆ. ಅಲ್ಲದೆ ಹೋಸಿನ ಹೊರಮೈ ಎಣ್ಣೆಯಿಂದ ಜಿಡ್ಡಾಗಿದೆ. ಹಳೆಯ ಪೈಪುಗಳು ಮನೆಯಲ್ಲೇ ಇದ್ದವು, ಅವನ್ನೂ ತೆಗೆದು ನೋಡಿದೆ. ಬಿಸಿ ಬದಿಯ ರಬ್ಬರ್ ಭಾಗದಲ್ಲಿ ಉದ್ದಕ್ಕೆ ಬಿರುಕು ಇದೆ. ಹಾಗಾಗಿ ನನಗೆ ಬದಲಾವಣೆ ಬೇಕೇ ಬೇಕಿತ್ತು, ಲೋಹದ ಪೈಪನ್ನೇ ಇಟ್ಟುಕೊಳ್ಳುತ್ತೇನೆ. ಅದರ ಮೇಲಿನ ನಂಬಿಕೆ ಕಡಿಮೆಯಾಗಿಲ್ಲ.

ಈಗ ಎರಡು ಪ್ರಶ್ನೆ: ಹೋಸ್ ಎಣ್ಣೆ ಬೆವರುವುದು ಸಹಜವೇ? ಕ್ಲಾಂಪ್ ಎಲ್ಲಿ, ಎಷ್ಟು ಬಿಗಿಯಬೇಕು?

ಹಳೇಪೇಟೆ ಲೇತ್, ದಾವಣಗೆರೆ

ಕ್ಲಾಂಪ್ ಏಣಿನ ಹಿಂದೆ ಕೂರಬೇಕು. ಪೈಪಿನ ಬಾಯಿ, ಆಮೇಲೆ ಏಣು, ಅದರ ಹಿಂದೆ ಕ್ಲಾಂಪ್, ಈ ಕ್ರಮ. ಏಣಿಗೂ ಕ್ಲಾಂಪಿಗೂ ನಡುವೆ ಕೂದಲೆಳೆ ಜಾಗವಾದರೂ ಇರಲಿ. ಟಿ-ಬೋಲ್ಟ್ ಕ್ಲಾಂಪ್ ಬಳಸಿ. ತಿರುಪಿನ ಹಲ್ಲುಗಳಿರುವ ಅಗ್ಗದ ಕ್ಲಾಂಪ್‌ಗಳು ಸಿಲಿಕೋನನ್ನು ತೂತುಗಳಲ್ಲಿ ಹಿಡಿದು ಕತ್ತರಿಸುತ್ತವೆ. ಬಿಗಿಯುವಾಗ ಹೋಸ್ ಕ್ಲಾಂಪಿನ ಅಂಚಿನಿಂದ ಉಬ್ಬಿ ಹೊರಬರಲು ಶುರುವಾಯಿತೆಂದರೆ ಅದು ಹೆಚ್ಚಾಯಿತು, ಅರ್ಧ ಸುತ್ತು ಹಿಂದಕ್ಕೆ ತನ್ನಿ. ಒಂದೆರಡು ಸಲ ಎಂಜಿನ್ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೆ ಸ್ಪ್ಯಾನರ್ ಹಾಕಿ ನೋಡಲೇಬೇಕು, ಸಿಲಿಕೋನ್ ಕೂತುಕೊಂಡು ಸಡಿಲವಾಗಿರುತ್ತದೆ. ಕಚ್ಚು ಬಿದ್ದ ಹೋಸನ್ನು ಮರಳಿ ಬಳಸಬೇಡಿ.

ಹೋಸಿನ ಒಳಗೆ ಎರಡು ಪೈಪುಗಳ ತುದಿ ಒಂದಕ್ಕೊಂದು ತಾಗದಂತೆ ಒಂದು ಸೆಂಟಿಮೀಟರಿನಷ್ಟು ಅಂತರ ಬಿಡಿ. ಕಾಲು ಒತ್ತಿದಾಗ ಎಂಜಿನ್ ತನ್ನ ಮೌಂಟಿನ ಮೇಲೆ ವಾಲುತ್ತದೆ, ಇಂಟರ್‌ಕೂಲರ್ ವಾಲುವುದಿಲ್ಲ. ಆ ಎಳೆದಾಟವನ್ನು ಹೋಸ್ ತಡೆದುಕೊಳ್ಳಬೇಕು.

ಕುಂದವಾಡ ದಂಡೆ, ದಾವಣಗೆರೆ

ಹಳೆಯ ಪೈಪುಗಳನ್ನೂ ತೆಗೆದು ನೋಡಿದ್ದಕ್ಕೆ ತುಂಬಾ ಸಂತೋಷ, ಬಿರುಕು ಅಲ್ಲೇ ಸಿಕ್ಕಿತಲ್ಲ. ಎಣ್ಣೆಯ ಪ್ರಶ್ನೆಗೆ: ಎಂಜಿನ್ನಿನ ಆವಿಯ ಜೊತೆ ಸ್ವಲ್ಪ ಎಣ್ಣೆ ಈ ದಾರಿಯಲ್ಲಿ ಬರುವುದು ಸಹಜ, ಒಳಗೆ ತೆಳ್ಳಗೆ ಪಸೆ ಇದ್ದರೆ ಚಿಂತೆಯಿಲ್ಲ. ಕೆಳ ತುದಿಯಲ್ಲಿ ಮಡುಗಟ್ಟಿ ನಿಂತಿದ್ದರೆ ಮಾತ್ರ ಟರ್ಬೊ ಸೀಲ್ ಮತ್ತು ಆವಿಯ ಕವಾಟ ತೋರಿಸಿ. ಸಾದಾ ಸಿಲಿಕೋನ್ ಹೋಸ್ ಎಣ್ಣೆಯನ್ನು ಹೀರಿ ಹೊರಮೈಗೆ ಬಿಡುತ್ತದೆ, ಕಾಲಕ್ರಮದಲ್ಲಿ ಮೆತ್ತಗಾಗುತ್ತದೆ. ಹೊಸ ಹೋಸ್ ಕೊಳ್ಳುವಾಗ ಒಳಪದರಕ್ಕೆ ಫ್ಲೋರೋಸಿಲಿಕೋನ್ ಇರುವುದನ್ನು ಕೇಳಿ ತೆಗೆದುಕೊಳ್ಳಿ. ಬೆಲೆ ಹೆಚ್ಚು, ಆದರೆ ಎಣ್ಣೆಗೆ ಜಗ್ಗುವುದಿಲ್ಲ.

ಕೂರಿಸುವ ಮುನ್ನ ಪೈಪಿನ ತುದಿ ಮತ್ತು ಹೋಸಿನ ಒಳಮೈಯನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ ಪೂರ್ತಿ ಒಣಗಿಸಿ. ಹೋಸ್ ಜಾರಲಿ ಎಂದು ಅಲ್ಲಿಗೆ ಗ್ರೀಸ್ ಸವರಬೇಡಿ, ಒತ್ತಡ ಬಂದ ತಕ್ಷಣ ಕಳಚಿಕೊಳ್ಳುತ್ತದೆ. ಸಿಲಿಕೋನ್ ಗ್ರೀಸ್ ಓ-ರಿಂಗ್ ಇರುವ ಮೂಲ ಕೂಡುಗಳಿಗೆ ಮಾತ್ರ, ಅಲ್ಲಿ ಅದು ಕಡ್ಡಾಯ. ಕ್ಲಿಪ್ ಕೂತಾಗ ಟಕ್ ಎಂದು ಕೇಳಬೇಕು, ಆಮೇಲೆ ಪೈಪನ್ನು ಕೈಯಲ್ಲಿ ಎಳೆದು ನೋಡಬೇಕು. ತಣ್ಣನೆ ಬದಿಯಲ್ಲಿರುವ ಒತ್ತಡದ ಸಂವೇದಕವನ್ನು ಹೊಸ ಪೈಪಿಗೆ ವರ್ಗಾಯಿಸುವಾಗ ಅದರ ಸಣ್ಣ ಉಂಗುರವನ್ನೂ ಹೊಸದಾಗಿ ಹಾಕಿ.

ಹೋಸ್ ಬದಲಾಯಿಸಿದ ಮೇಲೆ ಕೆಳಗಿನ ಕವಚ ಮುಚ್ಚುವ ಮೊದಲು ಇನ್ನೊಮ್ಮೆ 10 ಪಿಎಸ್‌ಐ ತುಂಬಿ ನೋಡಿ, ನೊರೆ ಏಳದಿದ್ದರೆ ಮುಚ್ಚಿಬಿಡಿ.

ಜೋಗಿಮಟ್ಟಿ ಗಾಳಿ, ಚಿತ್ರದುರ್ಗ

ಫ್ಲೋರೋಸಿಲಿಕೋನ್ ಒಳಪದರದ ಹೋಸಿಗೆ ಹೇಳಿದ್ದೇನೆ ಸರ್. ಬರುವವರೆಗೆ ಕಾರು ಶೆಡ್ಡಿನಲ್ಲೇ ಇರುತ್ತದೆ. ನನ್ನ ಮುಚ್ಚಳ ಮತ್ತು ರೆಗ್ಯುಲೇಟರ್ ದುರ್ಗದಲ್ಲಿ ಯಾರಿಗಾದರೂ ಪರೀಕ್ಷೆಗೆ ಬೇಕಿದ್ದರೆ ಇಲ್ಲೇ ಕೇಳಿ, ಕೊಡುತ್ತೇನೆ.